ಬೇರು ಕಿತ್ತು ಬಂದವರು



ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತೆಂಗಿನ ಸೀಮೆ. ಸಸಿ ನೆಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಗುಂಡಿ ತೋಡುತ್ತೇವೆ. ನೀರು ಹಾಕುತ್ತೇವೆ. ಬಿಸಿಲಿಗೆ ಗರಿ ಮರೆ ಕಟ್ಟುತ್ತೇವೆ. ಫಲಕ್ಕೆ ಆರೇಳು ವರ್ಷ ಕಾಯುತ್ತೇವೆ. ಊರು ಬಿಟ್ಟು ಬಂದ ಮನುಷ್ಯರೂ ಹೀಗೇ. ಒಂದು ದಿನದ ಊಟ ಸಾಲದು. ಬೇರು ಬಿಡಲು ನೆಲ ಬೇಕು, ನೆರವು ಬೇಕು.

ನಿರಾಶ್ರಿತರು ಯಾರು?

ಕೂಲಿಗಾಗಿ ಊರು ಬಿಟ್ಟವರು ವಲಸೆಗಾರರು. ಹಬ್ಬಕ್ಕೆ ಅವರು ಊರಿಗೆ ಹೋಗಬಹುದು. ಜೀವಭಯದಿಂದ ದೇಶವನ್ನೇ ಬಿಟ್ಟವರು ನಿರಾಶ್ರಿತರು. ಹಿಂದಕ್ಕೆ ಹೋಗುವ ದಾರಿ ಅವರಿಗೆ ಮುಚ್ಚಿರುತ್ತದೆ.

ಬೈಲಕುಪ್ಪೆಯ ಕಥೆ

1959ರಲ್ಲಿ ಟಿಬೆಟ್ಟಿನಲ್ಲಿ ದಂಗೆ ಎದ್ದಿತು. ಚೀನಾದ ಸೈನ್ಯ ಅದನ್ನು ಅಡಗಿಸಿತು. ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80 ಸಾವಿರ ಜನ ಹಿಮದ ಬೆಟ್ಟ ದಾಟಿ ಬಂದರು. ಎಷ್ಟೋ ಜನ ರಸ್ತೆ ಕೆಲಸದಲ್ಲಿ ಕಲ್ಲು ಒಡೆದು ಬದುಕಿದರು.

ಆಗ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಜಮೀನನ್ನು ಗುತ್ತಿಗೆಗೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಚಳಿ ನಾಡಿನವರಿಗೆ ಸೆಕೆ ಹೊಸದು. ಕನ್ನಡ ತಿಳಿಯದು. ಆನೆ ಕಾಟ ಬೇರೆ. ಆದರೂ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆ ಸಿಕ್ಕಿತು.

“ನಮಗೇ ತುಂಡು ಜಮೀನಿಲ್ಲ, ಹೊರಗಿನೋರಿಗೆ ಯಾಕೆ?” ಎಂದು ಕೇಳುವವರುಂಟು. ಭೂಮಿಯಿಲ್ಲದವರ ಈ ನೋವು ನಿಜ. ಇನ್ನೊಂದು ಮಾತೂ ನಿಜ. ಅಲ್ಲಿನ ಹೊಲಗಳಲ್ಲಿ ಸುತ್ತಲಿನ ಊರಿನವರಿಗೆ ಕೂಲಿ ಸಿಕ್ಕಿತು. ಅಂಗಡಿಗಳಿಗೆ ವ್ಯಾಪಾರ ಬಂತು.

ಅವರಿಗೂ ನಮ್ಮ ಸಂಘಕ್ಕೂ ನಂಟು

ಟಿಬೆಟ್ಟಿನವರಿಗೆ ನೆಲೆ ಕಲ್ಪಿಸಲು 1968ರಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿದ ಮೇಲೆ ಸಂಸ್ಥೆ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದಲ್ಲಿ ಬಡ ಹೆಂಗಸರ ಚಿಕ್ಕ ಚಿಕ್ಕ ಉಳಿತಾಯ ಸಂಘ ಕಟ್ಟಲು ನೆರವಾಯಿತು. ಇಂಥ ಸಂಘಗಳಿಗೆ ಬ್ಯಾಂಕ್ ಸಾಲ ಸಿಗುವಂತೆ ನಬಾರ್ಡ್ 1992ರಲ್ಲಿ ಕೆಲಸ ಆರಂಭಿಸಿತು. ಇಂದು ಊರೂರಲ್ಲಿ ಸ್ವಸಹಾಯ ಸಂಘಗಳಿವೆ.

ನೋಡಿದಿರಾ? ಪರದೇಶದವರಿಗೆ ಕೈ ಚಾಚಿದ ಸಂಸ್ಥೆಯೇ ನಮ್ಮ ಹೆಂಗಸರ ಸಂಘಗಳಿಗೂ ದಾರಿ ತೋರಿತು.

ನಾವೇನು ಮಾಡಬಹುದು?

ನಮ್ಮೂರಿಗೂ ದೂರದಿಂದ ಜನ ದುಡಿಯಲು ಬರುತ್ತಾರೆ. ಅವರ ಹೆಂಗಸರಿಗೆ ಆಸ್ಪತ್ರೆ ದಾರಿ ತೋರಿಸೋಣ. ಮಕ್ಕಳನ್ನು ಅಂಗನವಾಡಿಗೆ ಕರೆದೊಯ್ಯೋಣ. ಅರ್ಜಿ ಓದಿ ಹೇಳೋಣ. ಓದದೆ ಹೆಬ್ಬೆಟ್ಟು ಒತ್ತುವ ಕಷ್ಟ ನಮಗೆ ಗೊತ್ತಲ್ಲವೇ? ಕಲಿತ ಅಕ್ಷರ ಇನ್ನೊಬ್ಬರಿಗೂ ಆಗಲಿ.

ಕೂಡಿ ಮಾತಾಡೋಣ

1. ವಲಸೆಗಾರರಿಗೂ ನಿರಾಶ್ರಿತರಿಗೂ ಏನು ವ್ಯತ್ಯಾಸ?
2. ನಿಮ್ಮ ಊರಿಗೆ ಹೊಸದಾಗಿ ಬಂದವರು ಯಾರು? ಅವರಿಗೆ ಏನು ಕಷ್ಟವಿದೆ?
3. ನಿಮ್ಮ ಸಂಘ ಮಾಡಬಹುದಾದ ಒಂದು ಸಹಾಯವನ್ನು ಬರೆಯಿರಿ.