ಅರವತ್ತರ ಅರಳು ಮರಳು, ನಲವತ್ತರ ಬಿ.ಪಿ.

"ಅರವತ್ತಕ್ಕೆ ಅರಳು ಮರಳು" ಅಂತ ನಮ್ಮಲ್ಲೊಂದು ಮಾತಿದೆ. ತಾತ ಕೇಳಿದ್ದನ್ನೇ ಮೂರು ಸಲ ಕೇಳಿದರೆ, ಹಬ್ಬದ ಅಡುಗೆಗೆ ನಿಂತ ಅಜ್ಜಿ ಬೇಳೆ ಬೇಯೋಕೆ ಇಡೋದನ್ನೇ ಬಿಟ್ಟರೆ, ಮನೆಯವರು ಈ ಮಾತು ಹೇಳಿ ಸುಮ್ಮನಾಗ್ತಾರೆ. ಆದರೆ ಇಂಥ ಮರೆವಿನ ಒಂದು ದೊಡ್ಡ ಪಾಲು ಮೆದುಳಿಗೆ ರಕ್ತ ತರುವ ನಾಳಗಳು ಕೆಡೋದರಿಂದ ಬರುತ್ತೆ. ನಾಳ, ಒತ್ತಡ, ಹರಿವು ಅಂದಮೇಲೆ ವಿಷಯ ನಮ್ಮ ಸಿಲಬಸ್ಸಿಗೇ ಬಂತು.

ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು ಶೇ. 2. ಆದರೆ ಸುಮ್ಮನೆ ಕೂತಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ದಾಸ್ತಾನು ಅಂತ ಹೆಚ್ಚೇನೂ ಇಲ್ಲ. ಸಪ್ಲೈ ಕೆಲವೇ ಸೆಕೆಂಡು ನಿಂತರೆ ಪ್ರಜ್ಞೆ ತಪ್ಪುತ್ತೆ. ಹಾಗಾಗಿ ಮೆದುಳಿನ ಬುಡದಲ್ಲಿ ಒಂದು ರಿಂಗ್ ಮೇನ್ ಇದೆ. 1664ರಲ್ಲಿ ಅದನ್ನು ವಿವರಿಸಿದ ಥಾಮಸ್ ವಿಲ್ಲಿಸ್ ಹೆಸರಲ್ಲೇ ಅದನ್ನು ವಿಲ್ಲಿಸ್ ವೃತ್ತ ಅಂತಾರೆ. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆಯಿಂದ ರಕ್ತ ಬರಬಹುದು. ತೊಂದರೆ ಇರೋದು ಅಲ್ಲಿಂದ ಒಳಕ್ಕಿಳಿಯುವ ಸಣ್ಣ ನಾಳಗಳಲ್ಲಿ. ಕೆಲವು ತಲೆಗೂದಲಿನಷ್ಟೇ ದಪ್ಪ. ಅವು ರೇಡಿಯಲ್ ಫೀಡರ್ ಇದ್ದಹಾಗೆ: ಲೈನ್ ಹೋದರೆ ಕೊನೆಯ ಮನೆಗೆ ಕತ್ತಲೆ.

ಈಗ ಹೇಗನ್-ಪಾಯ್ಸಲ್ ಸಮೀಕರಣ ನೆನಪಿಸಿಕೊಳ್ಳಿ. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿರುತ್ತೆ. ತ್ರಿಜ್ಯ ಶೇ. 10 ಕಮ್ಮಿಯಾದರೆ 0.9ರ ನಾಲ್ಕನೇ ಘಾತ 0.656, ಅಂದರೆ ಹರಿವು ಶೇ. 34 ಖೋತಾ. ಶೇ. 20 ಕಮ್ಮಿಯಾದರೆ ಉಳಿಯೋದು ಶೇ. 41. ರಕ್ತ ನೀರಿನಂಥ ದ್ರವ ಅಲ್ಲ, ನಾಳ ಪಿವಿಸಿ ಪೈಪೂ ಅಲ್ಲ. ನಾಳಗಳು ಹಿಗ್ಗಿ ಕುಗ್ಗಿ ಹರಿವನ್ನು ಸರಿದೂಗಿಸುತ್ತವೆ. ಆದರೂ ಲೆಕ್ಕದ ದಿಕ್ಕು ಇದೇ. ವರ್ಷಗಟ್ಟಲೆ ಹೆಚ್ಚಿನ ಒತ್ತಡ ಬಿದ್ದರೆ ಈ ಸಣ್ಣ ನಾಳಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತೆ, ಹಿಗ್ಗುವ ಶಕ್ತಿಯೂ ಹೋಗುತ್ತೆ.

ಎಲೆಕ್ಟ್ರಾನಿಕ್ಸ್‌ನವರಿಗೆ ಇನ್ನೂ ಚೆನ್ನಾದ ಉದಾಹರಣೆ ಇದೆ. ಹೃದಯದಿಂದ ಹೊರಡುವ ಮಹಾಪಧಮನಿ ರೆಕ್ಟಿಫೈಯರ್ ಮುಂದಿನ ಕೆಪಾಸಿಟರ್ ಥರ. ಪ್ರತಿ ಬಡಿತಕ್ಕೂ ಉಬ್ಬಿ, ಆಮೇಲೆ ಮೆಲ್ಲಗೆ ಕುಗ್ಗಿ, ರಕ್ತವನ್ನು ಒಂದೇ ಸಮ ಹರಿಸುತ್ತೆ. ವಯಸ್ಸು, ಬಿ.ಪಿ., ಸಕ್ಕರೆ ಕಾಯಿಲೆ, ಸಿಗರೇಟು ಸೇರಿ ಅದನ್ನು ಬಿರುಸು ಮಾಡಿದರೆ ಕೆಪಾಸಿಟೆನ್ಸ್ ಇಳಿದ ಹಾಗೆ. ರಿಪ್ಪಲ್ ನೇರ ಮೆದುಳಿನ ಕೂದಲೆಳೆ ನಾಳಗಳಿಗೆ ಹೋಗಿ ಬಡಿಯುತ್ತೆ.

ಮೊದಲು ಪೆಟ್ಟು ಬೀಳೋದು ವೈಟ್ ಮ್ಯಾಟರ್‌ಗೆ, ಅಂದರೆ ಮೆದುಳಿನ ಭಾಗಗಳನ್ನು ಜೋಡಿಸುವ ವೈರಿಂಗ್‌ಗೆ. ಎಂಆರ್‌ಐನಲ್ಲಿ ಅದು ಬಿಳಿ ಮಚ್ಚೆಗಳಾಗಿ ಕಾಣುತ್ತೆ. ಅದಕ್ಕೇ ಇಲ್ಲಿ ಶುರುವಿನಲ್ಲಿ ಹೆಸರು ಮರೆಯೋದಕ್ಕಿಂತ ನಿಧಾನ ಆಗೋದು ಹೆಚ್ಚು: ಚೀಟಿ ಲೆಕ್ಕ ತಪ್ಪುತ್ತೆ, ನಾಲ್ಕು ಒಲೆಯ ಅಡುಗೆಯ ಕ್ರಮ ಕೈಗೆ ಸಿಗಲ್ಲ. ಆಲ್‌ಝೈಮರ್ಸ್ ಬೇರೆ ಕಾಯಿಲೆ ನಿಜ, ಆದರೆ ವಯಸ್ಸಾದವರಲ್ಲಿ ಎರಡೂ ಒಟ್ಟಿಗೇ ಇರೋದು ಬಹಳ ಸಾಮಾನ್ಯ.

ಇದರ ಅಧ್ಯಯನ ನಮ್ಮ ರಾಜ್ಯದಲ್ಲೇ ನಡೀತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರು ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದೆ. ಸೇರಿಸಿಕೊಳ್ಳೋದು 45 ದಾಟಿದವರನ್ನು, ಅರವತ್ತು ದಾಟಿದವರನ್ನಷ್ಟೇ ಅಲ್ಲ. ನಮ್ಮ ಮೈಸೂರಿನ ಕಥೆ ಇನ್ನೂ ಹಿಂದಕ್ಕೆ ಹೋಗುತ್ತೆ. ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ದಾಖಲೆಗಳಿವೆ. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು: ಹುಟ್ಟುವಾಗ 2.5 ಕೆ.ಜಿ. ಅಥವಾ ಕಮ್ಮಿ ಇದ್ದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ. 11, 3.1 ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ ಶೇ. 3. ಅದೇ ದಾಖಲೆಗಳ ಜನರ ನೆನಪಿನ ಶಕ್ತಿಯನ್ನೂ ಆಮೇಲೆ ಅಧ್ಯಯನಕ್ಕೆ ತೆಗೆದುಕೊಂಡರು. ಯಾರೋ ನರ್ಸ್‌ಗಳು ತಪ್ಪದೆ ಬರೆದಿಟ್ಟ ರಿಜಿಸ್ಟರ್ ಅರವತ್ತು ವರ್ಷದ ಮೇಲೆ ಡೇಟಾಸೆಟ್ ಆಯಿತು!

ಬಿ.ಪಿ. ಇಳಿಸಿದರೆ ಉಪಯೋಗ ಇದೆಯಾ? ಅಮೆರಿಕದಲ್ಲಿ 9,361 ಜನರ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದ 2019ರ ವರದಿ ಪ್ರಕಾರ, ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿಡುವ ಗುರಿ ಇಟ್ಟವರಲ್ಲಿ ಸೌಮ್ಯ ಮರೆವು ಶೇ. 19 ಕಮ್ಮಿ. ಪೂರ್ಣ ಡಿಮೆನ್ಷಿಯಾದಲ್ಲಿ ಮಾತ್ರ ವ್ಯತ್ಯಾಸ ಖಚಿತ ಅನ್ನುವಷ್ಟು ಬರಲಿಲ್ಲ. ಪ್ರಯೋಗ ಅವಧಿಗೆ ಮೊದಲೇ ನಿಂತಿತ್ತು. ನನ್ನ ಪ್ರಕಾರ ಇದು ಸಾಧಾರಣ ಫಲಿತಾಂಶವೇನೂ ಅಲ್ಲ. ಹಾಗಂತ ಅಪ್ಪನ ಮಾತ್ರೆಯ ಡೋಸ್ ನಾವೇ ಏರಿಸೋ ಹಾಗಿಲ್ಲ, ತಲೆಸುತ್ತಿ ಬಿದ್ದಾರು. ಅದು ಡಾಕ್ಟರ ಕೆಲಸ.

ಹೂಟಗಳ್ಳಿಯ ಫ್ಯಾಕ್ಟರಿಗಳ ಶಿಫ್ಟ್ ಬಿಡೋ ಹೊತ್ತಿಗೆ ಟೀ ಅಂಗಡಿ ಮುಂದೆ ನಿಂತವರಲ್ಲಿ ಅರ್ಧ ಜನ ನಮ್ಮ ಅಪ್ಪಂದಿರ ವಯಸ್ಸಿನವರು. ಬಿ.ಪಿ.ಗೆ ನೋವಿಲ್ಲ, ಹಾಗಾಗಿ ನೋಡಿಸಿಕೊಳ್ಳೋಕೆ ಕಾರಣವೂ ಸಿಗಲ್ಲ. ಈ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನ ಬಿ.ಪಿ. ನೀವೇ ನೋಡಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟಕ್ಕಿರಲಿ, ಒಂದು ನಿಮಿಷ ಬಿಟ್ಟು ಎರಡು ರೀಡಿಂಗ್ ಬರೆದಿಡಿ. ಆಗಷ್ಟೇ ಕಾಫಿ ಕುಡಿದು ಎದ್ದಿದ್ದರೆ ಅರ್ಧ ಗಂಟೆ ಕಾಯಿರಿ.