ಮೂರು ಗುಂಟೆಯ ಗಾಲ್ಫ್: ಸರೋವರದ ದಡದ ಒಂದು ಹಳ್ಳಿಯ ಕಥೆ

ವಾಚನಾಲಯಕ್ಕೆ ಬರುವ ಮಿತ್ರರು ಪತ್ರಿಕೆಯ ಕ್ರೀಡಾಪುಟದಲ್ಲಿ ಕ್ರಿಕೆಟ್ಟು, ಹಾಕಿ, ಕಬಡ್ಡಿಗಳ ಸುದ್ದಿಯನ್ನು ಅಕ್ಷರ ಬಿಡದೆ ಓದುತ್ತಾರೆ. ಗಾಲ್ಫಿನ ಸುದ್ದಿ ಬಂತೆಂದರೆ ಹಾಳೆ ಮಗುಚುತ್ತಾರೆ. ಅದು ಸಹಜವೇ. ಗಾಲ್ಫ್ ಎಂದರೆ ಮೊದಲು ನೆಲ, ಆಮೇಲೆ ಆಟ. ಹದಿನೆಂಟು ಕುಳಿಗಳ ಪೂರ್ಣ ಬಯಲಿಗೆ ಸಾಮಾನ್ಯವಾಗಿ ನೂರು ಎಕರೆಗೂ ಹೆಚ್ಚು ಜಾಗ ಬೇಕು. ಅಷ್ಟಕ್ಕೂ ಹುಲ್ಲು, ಹುಲ್ಲಿಗೆ ನೀರು, ನೀರಿಗೆ ಆಳು. ಆಂಗ್ಲರ ಕಾಲದಲ್ಲಿ ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಗಾಲ್ಫ್ ಕ್ಲಬ್ಬುಗಳಾದವು. ನಾವು ಅನ್ನ ಹುಡುಕಿಕೊಂಡು ಬಂದ ಈ ವಿಶಾಖಪಟ್ಟಣದಲ್ಲಿಯೂ ಈಸ್ಟ್ ಪಾಯಿಂಟ್ ಎಂಬ ಕ್ಲಬ್ಬು ಉಂಟು. ದುಡಿಯುವವನು ಅಂಥ ಬಯಲಿಗೆ ಕಾಲಿಟ್ಟದ್ದು ಬಹುಮಟ್ಟಿಗೆ ಆಡುವವರ ಕೋಲಿನ ಚೀಲ ಹೊರುವ ಕ್ಯಾಡಿಯಾಗಿ. ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. 2009ರಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮುನಿಯಪ್ಪನವರು ಗೆದ್ದರು. ಅವರೂ ಮೊದಲು ಚೀಲ ಹೊತ್ತವರೇ. ಅಂಥವರು ಬೆರಳೆಣಿಕೆ.

ಆಟಗಾರನನ್ನು ದೊಡ್ಡವನನ್ನಾಗಿ ಮಾಡುವ ಬದಲು ನೆಲವನ್ನೇ ಚಿಕ್ಕದು ಮಾಡಿದರೆ ಹೇಗೆ? ಈ ಪಾಠ ಅದನ್ನು ಕುರಿತದ್ದು.

ಗಾಲ್ಫಿನಲ್ಲಿ ಎರಡು ಬಗೆಯ ಏಟುಗಳಿವೆ. ಚೆಂಡನ್ನು ನೂರಾರು ಗಜ ಹಾರಿಸುವ ಬೀಸೇಟು ಒಂದು. ಕುಳಿಯ ಸಮೀಪ ಬಂದ ಚೆಂಡನ್ನು ಮೆಲ್ಲಗೆ ತಟ್ಟಿ ಒಳಕ್ಕೆ ಉರುಳಿಸುವುದು ಇನ್ನೊಂದು. ನೆಲವನ್ನೆಲ್ಲ ನುಂಗುವುದು ಮೊದಲನೆಯದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ 1867ರಲ್ಲಿಯೇ ಬರಿಯ ಉರುಳೇಟಿನ ಕ್ಲಬ್ಬನ್ನು ಹೆಂಗಸರು ಕಟ್ಟಿಕೊಂಡರು. ಕೋಲನ್ನು ಹೆಗಲಿನಿಂದ ಮೇಲಕ್ಕೆತ್ತಿ ಬೀಸುವುದು ಹೆಣ್ಣಿಗೆ ಸಲ್ಲದೆಂದು ಆ ಕಾಲದವರ ತೀರ್ಪು! ಮೂಲೆಗೆ ತಳ್ಳಿದವರ ಕೈಯಲ್ಲಿಯೇ ಹೊಸ ಆಟದ ಬೀಜ ಇತ್ತೆಂದಾಯಿತು.

ಆ ಬೀಜ ಹಬ್ಬಿದ್ದು ಅಮೆರಿಕದಲ್ಲಿ. ಗಿರಣಿಯಲ್ಲಿ ದುಡಿಯುವ ನಮಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಹುಲ್ಲು ಬೆಳೆಸುವ ಖರ್ಚನ್ನು ತಪ್ಪಿಸಿದ್ದು ಹತ್ತಿಬೀಜದ ಹೊಟ್ಟು. ಮೆಕ್ಸಿಕೋದಲ್ಲಿ ಹತ್ತಿಯ ತೋಟವಿದ್ದ ಥಾಮಸ್ ಫೇರ್‌ಬೇರ್ನ್ ಎಂಬಾತ 1920ರ ದಶಕದಲ್ಲಿ, ಆ ಹೊಟ್ಟನ್ನು ಎಣ್ಣೆಯಲ್ಲಿ ಕಲಸಿ, ಹಸಿರು ಬಣ್ಣ ಹಾಕಿ ಹಾಸಿದರೆ ಚೆಂಡು ಚೆನ್ನಾಗಿ ಉರುಳುತ್ತದೆಂದು ಕಂಡುಕೊಂಡ. ಅದೇ ದಶಕದ ಕೊನೆಗೆ ಲುಕ್‌ಔಟ್ ಮೌಂಟನ್ ಎಂಬ ಬೆಟ್ಟದ ಮೇಲೆ ಹೋಟೆಲಿಟ್ಟಿದ್ದ ಗಾರ್ನೆಟ್ ಕಾರ್ಟರ್ ಪುಟ್ಟ ಗಾಲ್ಫ್ ಅಂಗಳ ಮಾಡಿಸಿದ. ಅದಕ್ಕೆ ಅಜ್ಜಿಕಥೆಯ ಬೊಂಬೆಗಳ ಸಿಂಗಾರ ಮಾಡಿದವಳು ಹೆಂಡತಿ ಫ್ರೀಡಾ. ಹೆಬ್ಬೆಟ್ಟಿನಷ್ಟು ಎತ್ತರದ ಟಾಮ್ ಥಂಬನ ಹೆಸರಿಟ್ಟು ಆ ಮಾದರಿಯನ್ನು ದೇಶವೆಲ್ಲ ಮಾರಿದರು. 1930ರ ಹೊತ್ತಿಗೆ ಅಲ್ಲಿ ಇಂಥ ಅಂಗಳಗಳು ಸುಮಾರು 25,000 ಇದ್ದುವೆಂದು ಅಂದಾಜು. ಕೆಲಸವಿಲ್ಲದ ಕಷ್ಟದ ವರ್ಷ. ಚಿಲ್ಲರೆ ಕಾಸಿಗೆ ಸಂಜೆ ಕಳೆಯುತ್ತಿತ್ತು. ಆದರೆ ಆ ಭರಾಟೆ ಬಂದಷ್ಟೇ ಬೇಗ ಇಳಿಯಿತು. ನಮ್ಮ ಎಣಿಕೆಯಲ್ಲಿ ಅದಕ್ಕೆ ಒಂದು ಕಾರಣ ಇದು: ಒಂದು ಅಂಗಳದಲ್ಲಿ ಗೆದ್ದವನು ಮತ್ತೊಂದರಲ್ಲಿ ಗೆಲ್ಲಬಲ್ಲನೇ ಎಂದು ತೂಗಿ ನೋಡಲು ಸಮಾನ ಅಳತೆಯೇ ಇರಲಿಲ್ಲ. ಅಂಥದು ತಮಾಷೆಯಾಗಿಯೇ ಉಳಿಯುತ್ತದೆ.

ಆ ಅಳತೆ ಬಂದದ್ದು ಅಸ್ಕೋನಾ ಎಂಬ ಊರಿನಿಂದ. ಸ್ವಿಟ್ಜರ್ಲೆಂಡಿನ ದಕ್ಷಿಣಕ್ಕೆ, ಜನ ಇಟಾಲಿಯನ್ ಮಾತನಾಡುವ ಟಿಚಿನೊ ಸೀಮೆಯಲ್ಲಿ, ಮಜ್ಜೋರೆ ಸರೋವರದ ದಡದಲ್ಲಿ ಅದು ಮೊದಲು ಬೆಸ್ತರ ಹಳ್ಳಿ. 1900ರಲ್ಲಿ ಊರ ಪಕ್ಕದ ಗುಡ್ಡದಲ್ಲಿ, ಮಾಂಸ ಬಿಟ್ಟು ಸರಳವಾಗಿ ಬಾಳಬೇಕೆಂದು ಕೆಲವರು ಬಂದು ನೆಲೆಸಿದರು. ಅವರ ಹಿಂದೆ ಕಲಾವಿದರು, ಅವರ ಹಿಂದೆ ಹಣವಂತ ಪ್ರವಾಸಿಗರು. ಬೆಸ್ತರ ಹಳ್ಳಿ ವಿಹಾರದ ಊರಾಯಿತು. ಅಲ್ಲಿ 1954ರ ಮಾರ್ಚಿನಲ್ಲಿ ಪಾಲ್ ಬೋಂಯಿ ಎಂಬ ಉದ್ಯಾನಶಿಲ್ಪಿಯ ಅಂಗಳ ತೆರೆಯಿತು. ಸ್ವೀಡನ್ನಿನಲ್ಲಿ ಇದಕ್ಕೆ ಮುಂಚೆಯೇ ಪುಟ್ಟ ಗಾಲ್ಫ್ ಇತ್ತು, 1937ರಲ್ಲಿ ಅದಕ್ಕೊಂದು ಸಂಘವೂ ಆಗಿತ್ತು. ಬೋಂಯಿಯ ಹೆಚ್ಚಳವಿದ್ದದ್ದು ನಕ್ಷೆಯಲ್ಲಿ. ಕಾಂಕ್ರೀಟಿನ ಹದಿನೆಂಟು ಪಟ್ಟಿಗಳು. ಪ್ರತಿಯೊಂದೂ 12 ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ. ಕೊನೆಗೆ ಎರಡೂವರೆ ಮೀಟರಿನ ವೃತ್ತ, ಅದರಲ್ಲಿ ಕುಳಿ. ಬದಿಗೆ ಕಬ್ಬಿಣದ ಕೊಳವೆಯ ಅಂಚು. ನಡುವೆ ದಿಬ್ಬ, ಕಮಾನು, ತಿರುವುಗಳ ಅಡ್ಡಿ. 'ಮಿನಿಗಾಲ್ಫ್' ಎಂಬ ಹೆಸರನ್ನು ಆತ ತನ್ನದೆಂದು ನೋಂದಣಿ ಮಾಡಿಸಿದ. ಕೆಲವೇ ವರ್ಷಗಳಲ್ಲಿ ಇಟಲಿ, ಜರ್ಮನಿಗಳಲ್ಲಿ ಅದೇ ಅಳತೆಯ ಅಂಗಳಗಳೆದ್ದವು.

ಲೆಕ್ಕ ಬರೆಯುವ ಕೈ ಸುಮ್ಮನಿರದು. ಹದಿನೆಂಟು ಪಟ್ಟಿಗಳನ್ನೂ ವೃತ್ತಗಳನ್ನೂ ಕೂಡಿಸಿದರೆ ಸುಮಾರು 300 ಚದರ ಮೀಟರ್; ನಮ್ಮ ಕಡೆಯ ಮಾತಿನಲ್ಲಿ ಮೂರು ಗುಂಟೆ, ಇಲ್ಲಿಯವರ ಲೆಕ್ಕದಲ್ಲಿ ಏಳೂವರೆ ಸೆಂಟು. ಓಡಾಡುವ ದಾರಿಗೆ, ಗಿಡಗಳಿಗೆ ಇನ್ನಷ್ಟು ಸೇರಿಸಿರಿ. ಆದರೂ ಒಂದು ಎಕರೆ ತುಂಬುವುದು ಕಷ್ಟ. ನೂರು ಎಕರೆ ಎಂದರೆ ನಾಲ್ಕು ಸಾವಿರ ಗುಂಟೆ. ಕೋಲು ಚೆಂಡುಗಳನ್ನು ಕೊಳ್ಳಬೇಕಾಗಿಯೂ ಇಲ್ಲ, ಟಿಕೆಟ್ಟಿನ ಜೊತೆಗೆ ಕೊಡುತ್ತಾರೆ. ಪಾಳಿ ಮುಗಿಸಿ ಬಂದ ಕೂಲಿಗಾರನೂ ಹೆಂಡತಿ ಮಕ್ಕಳೊಡನೆ ಒಂದು ಗಂಟೆಯಲ್ಲಿ ಆಡಿ ಮುಗಿಸಬಹುದು.

ಆಡುವ ಕ್ರಮ ಗೋಲಿಯಾಡಿದವರಿಗೆ ಹೊಸದಲ್ಲ. ಪಟ್ಟಿಯ ತುದಿಯಲ್ಲಿ ಚೆಂಡಿಟ್ಟು ತಟ್ಟಬೇಕು. ಕುಳಿಗೆ ಬೀಳುವವರೆಗಿನ ಏಟುಗಳನ್ನು ಎಣಿಸಿ ಚೀಟಿಯಲ್ಲಿ ಬರೆಯಬೇಕು. ಆರು ಏಟಿಗೂ ಬೀಳದಿದ್ದರೆ ಏಳೆಂದು ಬರೆದು ಮುಂದಿನ ಪಟ್ಟಿಗೆ ನಡೆಯಬೇಕು, ಹಿಂದಿನವರನ್ನು ಕಾಯಿಸುವಂತಿಲ್ಲ. ಕಡಿಮೆ ಮೊತ್ತದವನು ಗೆದ್ದ. ಪ್ರತಿ ಪಟ್ಟಿಯಲ್ಲೂ ಒಂದೇ ಏಟಿಗೆ ಬಿದ್ದರೆ ಹದಿನೆಂಟು. ಅದಕ್ಕಿಂತ ಕೆಳಗೆ ದೇವರೂ ಇಳಿಯಲಾರ. ಪಳಗಿದವರು ಚೀಲದ ತುಂಬ ಬಗೆಬಗೆಯ ಚೆಂಡುಗಳನ್ನು ಹೊತ್ತು ತರುತ್ತಾರೆ: ಪುಟಿಯುವುದು, ಪುಟಿಯದ್ದು, ಗಟ್ಟಿ, ಮೆತು. ಚೆಂಡು ತಣ್ಣಗಾದರೆ ಪುಟಿತ ಕುಗ್ಗುವುದರಿಂದ, ಚಳಿಯಲ್ಲಿ ಅದನ್ನು ಜೇಬಿನಲ್ಲಿಟ್ಟು ಬೆಚ್ಚಗೆ ಕಾಪಾಡುವುದೂ ಉಂಟು. ನಮ್ಮ ದೇಶದಲ್ಲಿ 2023ರಲ್ಲಿ ಗೋವೆಯಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದ ಪಟ್ಟಿಯಲ್ಲಿ, ಮಲ್ಲಕಂಬದ ಜೊತೆಗೆ, ಈ ಆಟವೂ ಇತ್ತು.