ಮನೆಯ ಯಂತ್ರಗಳಿಗೊಂದು ಹೆಸರಿನ ಪಟ್ಟಿ

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಮಳೆಮಾಪಕವನ್ನು ಇರಿಸಿದೆವು. ಅದಕ್ಕೆ ಜೋಡಿಸಿದ್ದ ಪುಟ್ಟ ಸಾಧನವು ಹತ್ತು ನಿಮಿಷಗಳಿಗೊಮ್ಮೆ ಮಳೆಯ ಅಳತೆಯನ್ನು ವೈಫೈ ಮೂಲಕ ಕೆಳಗಿನ ಕೋಣೆಯ ಕಂಪ್ಯೂಟರಿಗೆ ತಲಪಿಸುತ್ತಿತ್ತು. ಎಲ್ಲಿಗೆ ತಲಪಿಸಬೇಕೆಂಬುದನ್ನು ನಾವು ಅದರೊಳಗೆ 192.168.1.20 ಎಂದು ಅಂಕಿಯಲ್ಲಿ ಬರೆದಿಟ್ಟಿದ್ದೆವು. ಒಂದು ಸಂಜೆ ಗುಡುಗುಮಳೆಗೆ ವಿದ್ಯುತ್ತು ನಿಂತು, ಅರ್ಧ ಗಂಟೆಯ ಅನಂತರ ಬಂದಿತು. ಹನ್ನೊಂದು ದಿನಗಳು ಕಳೆದ ಮೇಲೆ ದಾಖಲೆಯನ್ನು ತೆರೆದು ನೋಡಿದರೆ, ಆ ಸಂಜೆಯಿಂದೀಚೆಗೆ ಒಂದು ಅಂಕಿಯೂ ಇಲ್ಲ! ಮಳೆಯೇನೋ ಧಾರಾಕಾರವಾಗಿ ಸುರಿದಿತ್ತು. ಮಾಪಕವೂ ಸರಿಯಾಗಿತ್ತು, ಕಂಪ್ಯೂಟರೂ ಸರಿಯಾಗಿತ್ತು. ತಪ್ಪಿದ್ದುದು ವಿಳಾಸ ಮಾತ್ರ.

ಇದು ಹೇಗಾಯಿತು? ಮನೆಯ ರೂಟರು ತನ್ನ ಆಶ್ರಯದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ವಿಳಾಸವನ್ನು ಕೊಡುತ್ತದೆ. ಆದರೆ ಕೊಡುವುದು ದಾನವಾಗಿ ಅಲ್ಲ, ಬಾಡಿಗೆಯ ಕರಾರಿನ ಮೇಲೆ. ಅವಧಿ ಮುಗಿಯುವುದರೊಳಗೆ ಯಂತ್ರವು ಕರಾರನ್ನು ನವೀಕರಿಸಿಕೊಳ್ಳಬೇಕು. ಇಲ್ಲವಾದರೆ ವಿಳಾಸವು ಬೇರೊಬ್ಬರ ಪಾಲಾಗಬಹುದು. ಈ ಏರ್ಪಾಡಿಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ವಿದ್ಯುತ್ತು ಹೋದಾಗ ನಮ್ಮ ರೂಟರು ಹಳೆಯ ಕರಾರುಗಳನ್ನೆಲ್ಲ ಮರೆಯಿತು. ನಮ್ಮ ಕಂಪ್ಯೂಟರು ಇನ್ನೂ ನಿಧಾನವಾಗಿ ಎಚ್ಚರಗೊಳ್ಳುತ್ತಿದ್ದಾಗ, ಮನೆಗೆ ಬಂದಿದ್ದ ಅತಿಥಿಯೊಬ್ಬರ ಫೋನು ಮೊದಲು ಕೈಯೊಡ್ಡಿ 20ನೆಯ ವಿಳಾಸವನ್ನು ಪಡೆಯಿತು. ಕಂಪ್ಯೂಟರಿಗೆ ದೊರೆತುದು 34. ಮಾಪಕವು ತನ್ನ ಅಳತೆಗಳನ್ನು ನಿಷ್ಠೆಯಿಂದ ಅತಿಥಿಯ ಫೋನಿಗೆ ಕಳುಹಿಸುತ್ತಲೇ ಇದ್ದಿತು. ಅವರು ಊರಿಗೆ ಹಿಂದಿರುಗಿದ ಮೇಲೂ ಆ ಶೂನ್ಯ ವಿಳಾಸಕ್ಕೇ ಕಳುಹಿಸುತ್ತಿತ್ತು. ಆ ಹನ್ನೊಂದು ದಿನಗಳ ಮಳೆಯ ಲೆಕ್ಕ ಇನ್ನು ದೊರೆಯುವಂತಿಲ್ಲ.

ಈ ವಿಳಾಸವೆಂಬುದು 32 ಬಿಟ್ಟುಗಳ ಒಂದು ಸಂಖ್ಯೆ. ಎಂಟೆಂಟು ಬಿಟ್ಟುಗಳಂತೆ ನಾಲ್ಕು ಭಾಗ ಮಾಡಿ, ನಡುವೆ ಚುಕ್ಕೆಯಿಟ್ಟು ಬರೆಯುವುದು ರೂಢಿ. ಆದುದರಿಂದಲೇ ಯಾವ ಭಾಗವೂ 255ನ್ನು ಮೀರುವುದಿಲ್ಲ. ಒಟ್ಟು ಸುಮಾರು 429 ಕೋಟಿ ವಿಳಾಸಗಳು ಸಾಧ್ಯ. ಅವುಗಳಲ್ಲಿ 192.168 ಎಂದು ಮೊದಲಾಗುವ 65,536 ವಿಳಾಸಗಳನ್ನೂ, ಇನ್ನೆರಡು ಗುಂಪುಗಳನ್ನೂ ಖಾಸಗಿ ಬಳಕೆಗೆಂದು ಮೀಸಲಿಟ್ಟಿದ್ದಾರೆ. ನಮ್ಮ ಮನೆಯಲ್ಲಿರುವ 192.168.1.20 ವಾಚಕರ ಮನೆಯಲ್ಲಿಯೂ ಇರಬಹುದು. ಒಂದು ಇನ್ನೊಂದರ ಗೊಡವೆಗೆ ಹೋಗುವುದಿಲ್ಲ.

ಅಂಕಿಯ ಬದಲು ಹೆಸರನ್ನು ಹಿಡಿದು ಕರೆಯುವ ಯೋಚನೆ ಹೊಸದೇನೂ ಅಲ್ಲ. 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಆರ್ಪಾನೆಟ್ ಜಾಲದಲ್ಲಿ ಕಂಪ್ಯೂಟರುಗಳ ಹೆಸರು ಮತ್ತು ವಿಳಾಸಗಳ ಒಂದೇ ಒಂದು ಪಟ್ಟಿಯಿದ್ದಿತು. ಕ್ಯಾಲಿಫೋರ್ನಿಯದ ಎಸ್.ಆರ್.ಐ. ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡವು ಅದನ್ನು ಕಾಪಾಡುತ್ತಿತ್ತು. ಹೊಸ ಯಂತ್ರವೊಂದು ಸೇರಿದರೆ ಆ ಪಟ್ಟಿಯನ್ನು ತಿದ್ದಬೇಕು. ಉಳಿದವರೆಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳಬೇಕು. ಜಾಲ ಬೆಳೆದಂತೆಲ್ಲ ಇದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಪಟ್ಟಿಯನ್ನು ಹಂಚುವ ಉಪಾಯವನ್ನು ರೂಪಿಸಿದರು: ಪ್ರತಿಯೊಂದು ಶಾಖೆಯ ಹೆಸರುಗಳನ್ನು ಆ ಶಾಖೆಯವರೇ ಇಟ್ಟುಕೊಳ್ಳಲಿ, ಬೇಕಾದವರು ಕೇಳಿ ತಿಳಿಯಲಿ. ಇದೇ ಡಿ.ಎನ್.ಎಸ್. ವ್ಯವಸ್ಥೆ. ಆದರೂ ಹಳೆಯ ಪಟ್ಟಿ ಸಾಯಲಿಲ್ಲ. ಇಂದಿಗೂ ಪ್ರತಿ ಕಂಪ್ಯೂಟರಿನೊಳಗೆ 'ಹೋಸ್ಟ್ಸ್' ಎಂಬ ಹೆಸರಿನ ಸಣ್ಣ ಕಡತವೊಂದು ಉಳಿದುಕೊಂಡಿದೆ. ನಾವೀಗ ರೂಟರಿನಲ್ಲಿ ಬರೆಯಹೊರಟಿರುವುದೂ ಅದರ ಸೋದರನನ್ನೇ.

ರೂಟರನ್ನೇ ಏಕೆ ಆರಿಸಿಕೊಳ್ಳಬೇಕೆಂದರೆ, ಮನೆಯ ಯಂತ್ರಗಳೆಲ್ಲ ಸಾಮಾನ್ಯವಾಗಿ ಹೆಸರಿನ ವಿಳಾಸವನ್ನು ಮೊದಲು ವಿಚಾರಿಸುವುದು ಅದನ್ನೇ. ಅದು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಇದ್ದರೆ ತಾನೇ ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಹೊರಗಣ ಡಿ.ಎನ್.ಎಸ್. ಯಂತ್ರಕ್ಕೆ ಪ್ರಶ್ನೆಯನ್ನು ದಾಟಿಸುತ್ತದೆ. ಆದುದರಿಂದ ಒಂದು ಕಡೆ ಬರೆದರೆ ಮನೆಯವರಿಗೆಲ್ಲ ತಿಳಿದಂತಾಯಿತು.

ಇಲ್ಲಿ ಅನೇಕರು ಎಡವುವುದು ಮೊದಲನೆಯ ಹೆಜ್ಜೆಯಲ್ಲೇ. ಹೆಸರನ್ನು ಬರೆದುಬಿಟ್ಟರೆ ಸಾಕೆಂದು ಅವರು ಭಾವಿಸುತ್ತಾರೆ. ಹೆಸರು ತೋರಿಸುವುದು ವಿಳಾಸವನ್ನೇ ಹೊರತು ಯಂತ್ರವನ್ನಲ್ಲ. ವಿಳಾಸವೇ ಕೈ ಬದಲಾಯಿಸಿದರೆ ಹೆಸರು ನಮ್ಮನ್ನು ಅತಿಥಿಯ ಫೋನಿಗೇ ಕರೆದೊಯ್ದೀತು. ಆದುದರಿಂದ ಮೊದಲು ವಿಳಾಸವನ್ನು ಯಂತ್ರಕ್ಕೆ ಕಟ್ಟಿಹಾಕಬೇಕು. ಪ್ರತಿಯೊಂದು ಯಂತ್ರಕ್ಕೂ ಮ್ಯಾಕ್ ವಿಳಾಸವೆಂಬ 48 ಬಿಟ್ಟುಗಳ ಗುರುತೊಂದು ಇರುತ್ತದೆ. ರೂಟರಿನ ಪುಟಗಳಲ್ಲಿ 'ಅಡ್ರೆಸ್ ರಿಸರ್ವೇಶನ್' ಅಥವಾ 'ಸ್ಟ್ಯಾಟಿಕ್ ಲೀಸ್' ಎಂಬ ಜಾಗದಲ್ಲಿ ಈ ಗುರುತನ್ನೂ 192.168.1.20 ಎಂಬುದನ್ನೂ ಜೊತೆಯಾಗಿ ಬರೆದರೆ, ಅಂದಿನಿಂದ ಆ ವಿಳಾಸವು ಆ ಯಂತ್ರಕ್ಕೇ ಮೀಸಲು. (ಈಚಿನ ಫೋನುಗಳು ನಿಜವಾದ ಗುರುತನ್ನು ಮರೆಮಾಡಿ ಕೃತಕ ಗುರುತನ್ನು ತೋರಿಸುವುದುಂಟು, ಅವುಗಳಿಗೆ ವಿಳಾಸ ಕಟ್ಟುವ ಮುನ್ನ ಈ ಸೌಲಭ್ಯವನ್ನು ನಿಲ್ಲಿಸಬೇಕಾದೀತು.) ಅನಂತರವೇ 'ಲೋಕಲ್ ಡಿ.ಎನ್.ಎಸ್.' ಅಥವಾ 'ಹೋಸ್ಟ್‌ನೇಮ್ಸ್' ಎಂಬ ಪುಟ. ಅಲ್ಲಿ ಹೆಸರು, ಎದುರಿಗೆ ವಿಳಾಸ, ಅಷ್ಟೇ. ಸೇವಾದಾರರು ಕೊಡುವ ಕೆಲವು ರೂಟರುಗಳಲ್ಲಿ ಈ ಪುಟವೇ ಇರುವುದಿಲ್ಲ. ಹಾಗಿದ್ದರೆ ಸಣ್ಣ ಕಂಪ್ಯೂಟರೊಂದರಲ್ಲಿ ಡಿಎನ್‌ಎಸ್‌ಮಾಸ್ಕ್ ಎಂಬ ಉಚಿತ ಕ್ರಮವಿಧಿಯನ್ನು ನಡೆಸಿ, ಹೆಸರುಗಳನ್ನು ಅದರಲ್ಲಿಯೇ ಕೇಳುವಂತೆ ಏರ್ಪಡಿಸಬಹುದು.

ಯಾವ ಹೆಸರಿಡಬೇಕು? ಅಳತೆಗಳನ್ನು ಕೂಡಿಡುವ ಕಂಪ್ಯೂಟರಿಗೆ ನಾವು 'ಕಣಜ' ಎಂದು ಹೆಸರಿಟ್ಟೆವು. ರೂಟರಿನಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಬರೆಯಬೇಕು. ಹೆಸರಿಗಿಂತ ಮುಖ್ಯವಾದುದು ಅದರ ಮನೆತನ, ಎಂದರೆ ಚುಕ್ಕೆಯ ಮುಂದಿನ ಭಾಗ. ಇದನ್ನು ಮನಸ್ಸಿಗೆ ಬಂದಂತೆ ಇಡಲಾಗದು. ಬಹಳ ಮಂದಿ ಪ್ರಯೋಗಶೀಲರು ತಮ್ಮ ಯಂತ್ರಗಳಿಗೆ 'ಡೆವ್' ಎಂಬ ಮನೆತನವನ್ನು ತಾವೇ ಕಲ್ಪಿಸಿಕೊಂಡಿದ್ದರು. ಮುಂದೆ ಅದು ಗೂಗಲ್ ಸಂಸ್ಥೆಯ ಅಧೀನದಲ್ಲಿ ನಿಜವಾದ ಸಾರ್ವಜನಿಕ ಮನೆತನವೇ ಆಯಿತು. 2017ರಲ್ಲಿ ಆ ಸಂಸ್ಥೆಯ ಕ್ರೋಮ್ ಬ್ರೌಸರು ಆ ಹೆಸರುಗಳಿಗೆ ಸುರಕ್ಷಿತ ಸಂಪರ್ಕವನ್ನು ಕಡ್ಡಾಯ ಮಾಡಿದಾಗ, ಇವರ ಪುಟಗಳು ಒಮ್ಮಿಂದೊಮ್ಮೆಲೆ ತೆರೆಯದಾದುವು. 'ಲೋಕಲ್' ಎಂಬುದೂ ಬೇಡ. ಯಂತ್ರಗಳು ರೂಟರನ್ನು ಕೇಳದೆ ತಮ್ಮತಮ್ಮಲ್ಲೇ ಕೂಗಿ ಕರೆದುಕೊಳ್ಳುವ ಇನ್ನೊಂದು ಪದ್ಧತಿಗೆ ಅದು 2013ರಿಂದ ಮೀಸಲಾಗಿದೆ. ಮನೆಗಳಿಗೆಂದೇ 2018ರಲ್ಲಿ 'ಹೋಮ್.ಆರ್ಪಾ' ಎಂಬುದನ್ನು ಗೊತ್ತುಪಡಿಸಿದ್ದಾರೆ. ಕೇಳಲು ಸೊಗಸಾಗಿಲ್ಲವೆಂಬುದನ್ನು ಒಪ್ಪುತ್ತೇವೆ. 2024ರಲ್ಲಿ ಖಾಸಗಿ ಬಳಕೆಗೆಂದು ಮೀಸಲಾದ 'ಇಂಟರ್ನಲ್' ಎಂಬುದೂ ಆಗಬಹುದು. ಯಾವುದನ್ನೇ ಆರಿಸಿದರೂ, ಆ ಮನೆತನದ ಪ್ರಶ್ನೆಗಳನ್ನು ಹೊರಕ್ಕೆ ಬಿಡದೆ ತಾನೇ ಉತ್ತರಿಸುವಂತೆ ರೂಟರಿಗೆ ತಿಳಿಸಬೇಕು. ಇಲ್ಲವಾದರೆ ಮನೆಯೊಳಗಿನ ಹೆಸರುಗಳನ್ನು ನಾವೇ ಬೀದಿಗೆ ಕೂಗಿ ಹೇಳಿದಂತಾಗುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಕಂಪ್ಯೂಟರಿನಲ್ಲಿ 'ಎನ್‌ಎಸ್‌ಲುಕಪ್' ಎಂಬ ಆಜ್ಞೆಯ ಮುಂದೆ ಪೂರ್ಣ ಹೆಸರನ್ನು ಕೊಟ್ಟರೆ, ಉತ್ತರವನ್ನೂ ಉತ್ತರಿಸಿದವರಾರೆಂಬುದನ್ನೂ ಅದು ತೋರಿಸುತ್ತದೆ. ಇಲ್ಲಿ ವಿಳಾಸ ದೊರೆತು ಬ್ರೌಸರಿನಲ್ಲಿ ಮಾತ್ರ ದೊರೆಯದಿದ್ದರೆ, ಆ ಬ್ರೌಸರು ರೂಟರನ್ನು ಬದಿಗೊತ್ತಿ ಗುಪ್ತಲಿಪಿಯಲ್ಲಿ ನೇರವಾಗಿ ಹೊರಗಿನವರನ್ನು ಕೇಳುತ್ತಿರಬಹುದು; ಹೊರಗಿನವರಿಗೆ ನಮ್ಮ ಕಣಜದ ಸುದ್ದಿ ತಿಳಿದಿರಲು ಸಾಧ್ಯವೆ? ಹೆಸರು ಒಮ್ಮೆ ದೊರೆತು ಒಮ್ಮೆ ದೊರೆಯದಿರುವುದೂ ಉಂಟು. ರೂಟರಿನ ಜೊತೆಗೆ ಹೊರಗಿನ ಇನ್ನೊಂದು ಡಿ.ಎನ್.ಎಸ್. ಯಂತ್ರವನ್ನು 'ಆಪತ್ತಿಗಿರಲಿ' ಎಂದು ನಮೂದಿಸಿದ್ದರೆ ಹೀಗಾಗುತ್ತದೆ. ಮೊದಲನೆಯದು ಸೋತಾಗ ಮಾತ್ರ ಎರಡನೆಯದನ್ನು ಕೇಳಬೇಕೆಂಬ ನಿಯಮವನ್ನು ಎಲ್ಲ ಯಂತ್ರಗಳೂ ಪಾಲಿಸುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಮಳೆಮಾಪಕದಲ್ಲಿ ಒಂದು ಕೊರತೆ ಉಳಿದಿತ್ತು. ಅದರ ಕ್ರಮವಿಧಿಯು ಹೆಸರನ್ನು ಎಚ್ಚರಗೊಂಡಾಗ ಒಮ್ಮೆ ಮಾತ್ರ ವಿಚಾರಿಸಿ, ಬಂದ ಅಂಕಿಯನ್ನೇ ಕೊನೆಯವರೆಗೂ ಹಿಡಿದುಕೊಳ್ಳುತ್ತಿತ್ತು. ಹಾಗಿದ್ದರೆ ಹೆಸರಿಟ್ಟ ಪ್ರಯೋಜನವೇನು? ಪ್ರತಿ ಅಳತೆಯನ್ನು ಕಳುಹಿಸುವ ಮುನ್ನವೂ ಹೆಸರನ್ನು ವಿಚಾರಿಸುವಂತೆ ಅದನ್ನು ತಿದ್ದಿದೆವು. ಅನಂತರ ಬೇಕೆಂದೇ ಕಣಜದ ವಿಳಾಸವನ್ನು 20ರಿಂದ 50ಕ್ಕೆ ಬದಲಾಯಿಸಿದೆವು, ಎರಡು ಪುಟಗಳಲ್ಲಿಯೂ. ಕಂಪ್ಯೂಟರು ಹೊಸ ವಿಳಾಸವನ್ನು ಪಡೆಯಲೆಂದು ಅದನ್ನು ಆರಿಸಿ ಮತ್ತೆ ಹೊತ್ತಿಸಿದೆವು. ಮಾಳಿಗೆಯ ಮೇಲಿನ ಸಾಧನವನ್ನು ಮುಟ್ಟಲೇ ಇಲ್ಲ. ಹತ್ತು ನಿಮಿಷ ಕಾದೆವು. ಮುಂದಿನ ಅಳತೆ ಬಂದು ಸೇರಿತು: 0.6 ಮಿಲಿಮೀಟರು.